ಕೊಡುವ ಕೈ, ನಿಲ್ಲುವ ಕಾಲು

ಹುಟ್ಟಿನಿಂದ ಬಂದ ಆಸ್ತಿಯನ್ನು ಮನುಷ್ಯನು ಹೇಗೆ ಕಾಣಬೇಕು? ತನ್ನದೆಂದು ಅನುಭವಿಸಬೇಕೆ, ದಾನವೆಂದು ಕೊಡಬೇಕೆ, ಅಥವಾ ಋಣವೆಂದು ತೀರಿಸಬೇಕೆ? ಈ ಪುರಾತನ ಪ್ರಶ್ನೆಗೆ ನಮ್ಮ ನಾಡಿನ ಇಬ್ಬರು ಭೂಮಾಲೀಕರು ಎರಡು ಬಗೆಯ ಉತ್ತರಗಳನ್ನು ಕೊಟ್ಟಿದ್ದಾರೆ.

1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಮುಡಿಪಿಟ್ಟರು. ಅದು ದಾನದ ದಾರಿ. ಅವರನ್ನು ತ್ಯಾಗವೀರರೆಂದು ನಾಡು ಸ್ಮರಿಸುತ್ತಿದೆ.

ಇನ್ನೊಂದು ದಾರಿಯನ್ನು ಹಿಡಿದವರು ಮೈಸೂರು ಸೀಮೆಯ ಡಿ. ದೇವರಾಜ ಅರಸರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರ ಆಗಸ್ಟ್ 20ರಂದು ಜನಿಸಿದ ಅವರದು ಅರಮನೆಯೊಡನೆ ಬಾಂಧವ್ಯವಿದ್ದ ಅರಸು ಜನಾಂಗ. ಮನೆತನಕ್ಕೆ ಜಮೀನಿತ್ತು. ಬೆಂಗಳೂರಿನಲ್ಲಿ ಪದವಿ ಪಡೆದ ಮೇಲೆ ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು, 1972ರಲ್ಲಿ ಮುಖ್ಯಮಂತ್ರಿಗಳಾದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿಯ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ಉಳುವವನಿಗೆ ಅದರ ಹಕ್ಕು ಪ್ರಾಪ್ತವಾಗುವಂತಾಯಿತು. ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ಸಲ್ಲಿಸಿ, ಭೂ ನ್ಯಾಯಮಂಡಳಿಯ ಮುಂದೆ ತಾನು ಉಳುತ್ತಿರುವೆನೆಂದು ಹೇಳಿಕೊಂಡನು.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುತ್ತದೆ. ಲಿಂಗರಾಜರು ಕೊಟ್ಟದ್ದು ತಮ್ಮದನ್ನು. ಶಾಸನವು ಕೊಟ್ಟದ್ದು ಅನ್ಯರದನ್ನು. ಒತ್ತಾಯದಿಂದ ಆದದ್ದನ್ನು ತ್ಯಾಗವೆನ್ನಬಹುದೆ? ದೊಡ್ಡ ಜಮೀನುದಾರರಷ್ಟೇ ಅಲ್ಲ, ಎರಡೆಕರೆಯನ್ನು ಗೇಣಿಗೆ ಕೊಟ್ಟು ಜೀವಿಸುತ್ತಿದ್ದ ವಿಧವೆಯೂ ವೃದ್ಧರೂ ಭೂಮಿಯನ್ನು ಕಳೆದುಕೊಂಡರು. ಮಠಮಂದಿರಗಳ ಗೇಣಿ ಭೂಮಿಗಳೂ ಹೊರತಾಗಲಿಲ್ಲ. ಆ ನೋವನ್ನು ಅಲ್ಲಗಳೆಯುವುದು ಸತ್ಯಕ್ಕೆ ಎಸಗುವ ಅಪಚಾರ. ಒತ್ತಾಯದ ತ್ಯಾಗವು ತ್ಯಾಗವಲ್ಲವೆಂಬುದೂ ನಿಜವೇ.

ಆದರೆ ಈ ವಿಚಾರವನ್ನು ಪಡೆದವನ ಕಡೆಯಿಂದಲೂ ನೋಡಬೇಕು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ದಾನಿ ಎಷ್ಟೇ ನಿರಹಂಕಾರಿಯಾಗಿರಲಿ, ಪಡೆದವನ ತಲೆ ತುಸು ಬಾಗಿಯೇ ಇರುತ್ತದೆ. ಗೇಣಿದಾರನ ತಂದೆ, ತಾತಂದಿರು ಧಣಿಯ ಜಗಲಿಯ ಕೆಳಗೆ ಕೈಕಟ್ಟಿ ನಿಂತವರು. ಅವನು ಬೆವರು ಸುರಿಸಿದ ಮಣ್ಣನ್ನು ಧಣಿಯು ಕೃಪೆಯಿಂದ ಕೊಟ್ಟಿದ್ದರೆ ಅವನು ಕೃತಜ್ಞನಾಗುತ್ತಿದ್ದನು. ಹಕ್ಕಿನಿಂದ ಪಡೆದಾಗ ಅವನು ಸಮಾನನಾದನು. ಅನ್ನವನ್ನು ಕೊಡಬಹುದು, ವಿದ್ಯೆಯನ್ನು ಕೊಡಬಹುದು. ಸಮಾನತೆಯನ್ನು ಮಾತ್ರ ಭಿಕ್ಷೆಯಾಗಿ ಕೊಡಲಾಗದು. ನ್ಯಾಯವಾಗಿ ಸಲ್ಲಬೇಕಾದುದನ್ನು ಸಲ್ಲಿಸಿ ದಾನಿಯೆನಿಸಿಕೊಳ್ಳುವುದು ಸಾಲ ತೀರಿಸಿ ಉಪಕಾರವೆಂದು ಹೇಳಿಕೊಂಡಂತೆ.

ಶರಣರು ದಾನಕ್ಕಿಂತ ದಾಸೋಹವನ್ನು ಹಿರಿದೆಂದು ಬಗೆದ ಮರ್ಮವೂ ಇದೇ. ದಾಸೋಹಿಯು ನೀಡುವಾಗ ತಾನೇ ದಾಸನೆಂದು ತಿಳಿಯುತ್ತಾನೆ. ಶಾಸನಕ್ಕೆ ಈ ಭಾವವಿಲ್ಲ. ಅದು ಕೊಡುವವನ ಅಹಂಕಾರವನ್ನು ತಪ್ಪಿಸಬಲ್ಲುದೇ ಹೊರತು ಅವನ ಹೃದಯವನ್ನು ಅರಳಿಸಲಾರದು. ಅಲ್ಲದೆ ಒಂದು ಶಾಸನವು ಕಟ್ಟಿದ್ದನ್ನು ಮತ್ತೊಂದು ಶಾಸನವು ಬಿಚ್ಚಬಲ್ಲುದು. ಕೃಷಿಕರಲ್ಲದವರು ಸಾಗುವಳಿ ಭೂಮಿಯನ್ನು ಕೊಳ್ಳುವುದಕ್ಕೆ ಇದ್ದ ನಿರ್ಬಂಧವು 2020ರ ತಿದ್ದುಪಡಿಯಿಂದ ಕಳಚಿಹೋಯಿತು. ಉಳುವವನ ಮಗನೇ ಇಂದು ಹೊಲವನ್ನು ಮಾರಿ ನಗರಕ್ಕೆ ಹೊರಟರೆ ಆ ಹೊಲದ ಒಡೆತನವು ಯಾರ ಪಾಲಾಗುವುದೋ!

ಆದುದರಿಂದ ಸಮಾಜಕ್ಕೆ ಎರಡೂ ಬೇಕು. ಬಡವನು ಕೈಯೊಡ್ಡದೆ ತನ್ನ ಕಾಲ ಮೇಲೆ ನಿಲ್ಲಲು ಶಾಸನ ಬೇಕು. ಉಳ್ಳವನು ಶಾಸನಕ್ಕಾಗಿ ಕಾಯದೆ ಕೊಡಲು ದಾಸೋಹಭಾವ ಬೇಕು. ಅರಸರು 1982ರ ಜೂನ್ 6ರಂದು ಕಾಲವಾದರು. ಭೂಮಿಯುಳ್ಳ ಮನೆಯಲ್ಲಿ ಹುಟ್ಟಿ, ಭೂಮಿಯಿಲ್ಲದವನ ಪರವಾಗಿ ಶಾಸನ ಮಾಡಿದ ಅವರ ಬಾಳು ನಮ್ಮಲ್ಲಿ ಪ್ರತಿಯೊಬ್ಬರನ್ನೂ ಕೇಳುವುದಿಷ್ಟು: ನಿನ್ನದೆಂದು ನೀನು ಹಿಡಿದುಕೊಂಡಿರುವುದರಲ್ಲಿ ಇತರರ ಬೆವರಿನ ಪಾಲೆಷ್ಟು?