ಬಣ್ಣ ಮಾಸಿದ ಕಾರು, ಬೇಸರಿಸದ ಕೈ

ಹೊಸ ವಸ್ತುವನ್ನು ಜೋಪಾನ ಮಾಡಲು ಯಾರಿಗೂ ಉಪದೇಶ ಬೇಕಾಗುವುದಿಲ್ಲ. ಹೊಸ ಕಾರು ಮನೆಗೆ ಬಂದ ತಿಂಗಳು ಮಕ್ಕಳೇ ಬಟ್ಟೆ ಹಿಡಿದು ಸರದಿಯಲ್ಲಿ ನಿಲ್ಲುತ್ತಾರೆ. ಒಂದು ಕಾಗೆಯ ಹಿಕ್ಕೆ ಬಿದ್ದರೂ ಓಡಿ ಹೋಗಿ ಒರೆಸುತ್ತಾರೆ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ತೆಗೆಯಲು ಮನಸ್ಸಾಗುವುದಿಲ್ಲ. ಆದರೆ ಅದೇ ಕಾರಿಗೆ ಇಪ್ಪತ್ತೈದು ವರ್ಷ ತುಂಬಿದಾಗ? ಬಾನೆಟ್ಟಿನ ಬಣ್ಣ ಮಾಸಿ, ಬಾಗಿಲಿನ ಕೆಳಗೆ ತುಕ್ಕು ಕಾಣಿಸಿಕೊಂಡು, ಎಷ್ಟು ಉಜ್ಜಿದರೂ ಹೊಳಪು ಬಾರದ ದಿನ ಬಂದಾಗ? ಆಗ ಬಕೆಟ್ ಎತ್ತಲು ಕೈ ಮುಂದೆ ಬರುವುದಿಲ್ಲ. "ಇನ್ನು ಇದನ್ನು ತೊಳೆದು ಏನು ಪ್ರಯೋಜನ?" ಎಂದು ಮನಸ್ಸು ಕೇಳುತ್ತದೆ.

ಪ್ರಿಯ ಓದುಗರೇ, ಇದು ಬರೀ ಕಾರಿನ ವಿಷಯವೆಂದು ನಗಬೇಡಿ. ಮತ್ತೆಂದೂ ಹೊಸದಾಗದ ಒಂದು ವಸ್ತುವಿಗಾಗಿ ಶ್ರಮಿಸುವುದು ವಿವೇಕವೋ ಅವಿವೇಕವೋ? ಇದನ್ನು ನಾನು ಗ್ರಂಥಗಳಲ್ಲಿ ಓದಿ ಕೇಳುತ್ತಿಲ್ಲ. ನಮ್ಮ ಮನೆಯಂಗಳದಲ್ಲಿ ನನಗೇ ಎದುರಾದ ಪ್ರಶ್ನೆ ಇದು.

ನಮ್ಮದು 1998ರ ಮಾಡೆಲಿನ ಕೆಂಪು ಮಾರುತಿ 800. ಗಲ್ಫಿನಲ್ಲಿ ದುಡಿಯುತ್ತಿದ್ದ ನನ್ನ ಸೋದರಮಾವ ಕೊಂಡದ್ದು. ಅವರಿಂದ ಉಪ್ಪನ ಕೈಗೆ, ಉಪ್ಪನಿಂದ ನನ್ನ ಕೈಗೆ ಬಂತು. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರಸ್ತೆಗಿಳಿದ ಈ ಕಾರಿನ ತಯಾರಿ 2014ರ ಜನವರಿಯಲ್ಲಿ ನಿಂತುಹೋಯಿತು. ಈ ನಡುವೆ ನಮ್ಮ ದೇಶದಲ್ಲಿ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿ ಕುಟುಂಬಗಳು ಇದನ್ನು ಕೊಂಡವು. ಎಷ್ಟೋ ಮನೆಗಳ ಮೊದಲ ಕಾರು ಇದೇ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆ ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮ ಕಾರಿಗೆ ಮೂರು ಬಾರಿ ನವೀಕರಣವಾಗಿದೆ.

ಉಮ್ಮನಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಲಾರರು. ತಿಂಗಳಿಗೆ ಎರಡು ಬಾರಿ ಆಸ್ಪತ್ರೆಗೆ ಹೋಗಬೇಕು. ಮದ್ರಸದ ಅಧ್ಯಾಪಕನ ಸಂಬಳ ಎಷ್ಟೆಂದು ನಿಮಗೂ ಗೊತ್ತು. ಹೊಸ ಕಾರು ಬೇಕೆಂದರೆ ಸಾಲ ಮಾಡಬೇಕು, ಸಾಲವೆಂದರೆ ಬಡ್ಡಿ. ಬಡ್ಡಿಯ ಬಾಗಿಲು ನಮಗೆ ಮುಚ್ಚಿದೆ. ಹಾಗಾಗಿ ನನ್ನ ಪಾಲಿಗೆ ಆ ಹಳೆಯ ಕಾರನ್ನು ಉಳಿಸಿಕೊಳ್ಳುವುದೆಂದರೆ ಸಾಲದಿಂದ ದೂರ ಉಳಿಯುವುದು. ಇಷ್ಟೆಲ್ಲ ತಿಳಿದಿದ್ದೂ ನಾನು ಅದನ್ನು ಅಲಕ್ಷಿಸಿದೆ. ಎದುರುಮನೆಯಲ್ಲಿ ಹೊಸ ಬಿಳಿ ಕಾರು ಬಂದು ನಿಂತ ಮೇಲಂತೂ ನಮ್ಮ ಕಾರಿನ ಕಡೆ ನೋಡುವುದೇ ಬೇಡವೆನಿಸಿತು. ತಿಂಗಳುಗಟ್ಟಲೆ ತೊಳೆಯಲಿಲ್ಲ.

ಹೊಳಪಿನ ಹುಚ್ಚು

ಒಂದು ದಿನ ಇದ್ದಕ್ಕಿದ್ದಂತೆ ಹುರುಪು ಬಂತು. ಅಂಗಡಿಯಿಂದ ರಬ್ಬಿಂಗ್ ಕಾಂಪೌಂಡ್ ತಂದು ಬಾನೆಟ್ ಉಜ್ಜತೊಡಗಿದೆ. ಮಾಸಿದ ಪದರ ಹೋಗಿ ಒಳಗಿನ ಕೆಂಪು ಮಿನುಗಿತು. ಸಂತೋಷವಾಯಿತು. ಇನ್ನಷ್ಟು ಉಜ್ಜಿದೆ. ಕೈಯ ಬಟ್ಟೆ ನೋಡಿದರೆ ಅದೂ ಕೆಂಪಾಗಿತ್ತು. ಎರಡು ತಿಂಗಳಲ್ಲಿ ಬಾನೆಟ್ ಮತ್ತೆ ಮಾಸಿತು. ಮತ್ತೆ ಉಜ್ಜಿದೆ. ಮೂರನೆಯ ಸಲ ಬಾನೆಟ್ಟಿನ ಅಂಚಿನಲ್ಲಿ ಕೆಂಪಿನ ಅಡಿಯ ಪ್ರೈಮರ್ ಬೂದು ಗೆರೆಯಂತೆ ಎದ್ದು ಕಂಡಿತು.

ಪೇಂಟಿಂಗ್ ಕೆಲಸದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ನಕ್ಕು, "ಉಸ್ತಾದರೇ, ನೀವು ಪಾಲಿಶ್ ಮಾಡಿದ್ದಲ್ಲ, ಪೇಂಟ್ ಕೆತ್ತಿದ್ದು" ಎಂದರು.

ಅವರ ಮಾತಿನ ಅರ್ಥ ಆಮೇಲೆ ತಿಳಿಯಿತು. ಕಾರಿನ ಮೇಲಿರುವ ಬಣ್ಣದ ಎಲ್ಲ ಪದರಗಳನ್ನು ಸೇರಿಸಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಅಥವಾ ಅದಕ್ಕಿಂತ ತುಸು ಹೆಚ್ಚು. ಅದರಲ್ಲಿ ನಮ್ಮ ಕಣ್ಣಿಗೆ ಕಾಣುವ ಬಣ್ಣದ ಪದರ ಇನ್ನೂ ತೆಳು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಹಳೆಯ ಕಾರುಗಳ ಸಾದಾ ಬಣ್ಣಗಳಿಗೆ ಅನೇಕ ವೇಳೆ ಅದು ಇರುವುದಿಲ್ಲ. ಬಿಸಿಲಿಗೆ ಬಣ್ಣದ ಮೇಲ್ಪದರ ಸತ್ತು ಸುಣ್ಣದ ಪುಡಿಯಂತಾಗುತ್ತದೆ. ಕಾಂಪೌಂಡ್ ಹಾಕಿ ಉಜ್ಜಿದಾಗ ಆ ಸತ್ತ ಪದರ ಹೋಗುತ್ತದೆ, ನಿಜ. ಅದರ ಜೊತೆಗೆ ಒಳ್ಳೆಯ ಬಣ್ಣವೂ ಸ್ವಲ್ಪ ಹೋಗುತ್ತದೆ. ಹೋದದ್ದು ಮತ್ತೆ ಬೆಳೆಯುವುದಿಲ್ಲ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಆ ಪದರ ಸಿಪ್ಪೆ ಏಳಲು ತೊಡಗಿದರೆ ಯಾವ ಪಾಲಿಶ್ ಕೂಡ ಅದನ್ನು ಕೂಡಿಸಲಾರದು. ಹೊಸ ಪೇಂಟ್ ಒಂದೇ ದಾರಿ.

ನೋಡಿದಿರಾ? ಹೊಳಪಿನ ಆಸೆಯಿಂದಲೇ ನಾನು ಇದ್ದ ಬಣ್ಣವನ್ನೂ ಕಳೆದುಕೊಳ್ಳುತ್ತಿದ್ದೆ. ಅಲಕ್ಷ್ಯದಿಂದ ಒಂದು ನಷ್ಟ, ಆತುರದಿಂದ ಇನ್ನೊಂದು ನಷ್ಟ. ಎರಡರ ಬೇರೂ ಒಂದೇ ಆಗಿತ್ತು. ಕಾರು ಹೊಸದರಂತೆ ಕಂಡರೆ ಮಾತ್ರ ನನ್ನ ಶ್ರಮಕ್ಕೆ ಬೆಲೆ ಎಂದು ನಾನು ಭಾವಿಸಿದ್ದೆ. ಹೊಳಪು ಬಾರದಿದ್ದಾಗ ಕೈಬಿಟ್ಟೆ. ಬಂದಾಗ ಮಿತಿ ಮೀರಿದೆ.

ಹೊಸದು ಮಾಡುವುದಲ್ಲ, ಉಳಿಸುವುದು

ಹಳೆಯ ಕಾರಿನ ಆರೈಕೆಯ ಗುರಿ ಬೇರೆ. ಅದನ್ನು ಹೊಸದು ಮಾಡುವುದು ನಮ್ಮ ಕೆಲಸವಲ್ಲ. ಇರುವುದನ್ನು ಉಳಿಸುವುದು ನಮ್ಮ ಕೆಲಸ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಬೇಸರದ ಅರ್ಧ ಭಾರ ಇಳಿದಂತೆ. ಹೊಳಪನ್ನು ಅಳೆಯುತ್ತ ಕೂತವನಿಗೆ ಪ್ರತಿ ವಾರವೂ ಸೋಲು. ಉಳಿಸುವುದೇ ಗುರಿಯಾದವನಿಗೆ ತುಕ್ಕು ಒಂದು ಅಂಗುಲ ಮುಂದೆ ಹೋಗದಿದ್ದರೆ ಅದೇ ಗೆಲುವು.

ಕರಾವಳಿಯಲ್ಲಿ ಈ ಕೆಲಸ ಏನೆಂದು ನೋಡೋಣ. ಇಲ್ಲಿ ಗಾಳಿಯಲ್ಲೇ ಉಪ್ಪಿದೆ. ನಾಲ್ಕು ತಿಂಗಳು ಮಳೆ. ಬಾಗಿಲಿನ ಅಡಿಯಲ್ಲಿ ನೀರು ಹರಿದುಹೋಗಲೆಂದು ಚಿಕ್ಕ ತೂತುಗಳನ್ನು ಇಟ್ಟಿರುತ್ತಾರೆ. ಎಲೆ, ಕೆಂಪು ಮಣ್ಣು ಸೇರಿ ಅವು ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಅರ್ಧ ಹೋಗಿರುತ್ತದೆ. ಒಂದು ಕಡ್ಡಿಯಿಂದ ಆ ತೂತುಗಳನ್ನು ಬಿಡಿಸಲು ಐದು ನಿಮಿಷ ಸಾಕು. ಅದರಿಂದ ಕಾರು ಹೊಳೆಯುವುದಿಲ್ಲ. ನೋಡಿದ ಯಾರೂ ಭೇಷ್ ಎನ್ನುವುದಿಲ್ಲ. ಆದರೆ ಬಾಗಿಲು ಉಳಿಯುತ್ತದೆ.

ಹಾಗೆಯೇ ನೆರಳಿನಲ್ಲಿ ತೊಳೆಯುವುದು. ಬಟ್ಟೆ ಒಗೆಯುವ ಪುಡಿಯ ಬದಲು ಕಾರಿನ ಶಾಂಪೂ ಬಳಸುವುದು. ಎರಡು ಬಕೆಟ್ ಇಟ್ಟು, ಒಂದರಲ್ಲಿ ಬಟ್ಟೆಯ ಮಣ್ಣನ್ನು ಜಾಲಿಸಿ, ಇನ್ನೊಂದರ ಶಾಂಪೂ ನೀರಿನಲ್ಲಿ ಅದ್ದುವುದು. ಮೇಲಿನಿಂದ ಕೆಳಕ್ಕೆ ತೊಳೆದು ಮಣ್ಣು ಮೆತ್ತಿದ ಕೆಳಭಾಗವನ್ನು ಕೊನೆಗೆ ಮುಟ್ಟುವುದು. ಹಿಕ್ಕೆ ಬಿದ್ದರೆ ಒಣಗುವ ಮುನ್ನ ನೆನೆಸಿ ತೆಗೆಯುವುದು. ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಮೇಣ ಹಚ್ಚುವುದು. ಮೇಣ ಬಣ್ಣವನ್ನು ಕೆರೆಯುವುದಿಲ್ಲ. ಅದರ ಮೇಲೆ ತೆಳುವಾದ ಹೊದಿಕೆಯಂತೆ ಕೂರುತ್ತದೆ. ಆದರೆ ಈಗಾಗಲೇ ಹಿಡಿದ ತುಕ್ಕನ್ನು ಅದು ತಡೆಯಲಾರದು. ಅಂಥ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಪ್ರೈಮರ್ ಹಚ್ಚಿ, ಸಣ್ಣ ಬ್ರಷ್ಷಿನಿಂದ ಬಣ್ಣ ಕೊಡಬೇಕು. ಆ ಕಲೆ ಕಾಣುತ್ತದೆ. ಕಾಣಲಿ.

ನೀರಿನ ಮಾತನ್ನೂ ಇಲ್ಲಿ ಹೇಳಬೇಕು. ಎಪ್ರಿಲ್‌ನಲ್ಲಿ ಬಾವಿಯ ತಳ ಕಾಣುವಾಗ ಪೈಪ್ ಹಿಡಿದು ಕಾರು ತೊಳೆಯುವುದು ಆರೈಕೆಯಲ್ಲ, ದುಂದು. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಕಲಿತವರು ನಾವು. ಎರಡು ಬಕೆಟ್ ನೀರು, ಒಂದು ಒದ್ದೆ ಬಟ್ಟೆ ಸಾಕು.

ಸ್ವಲ್ಪವೇ ಆದರೂ ನಿರಂತರ

ಹುರುಪು ಎಂಬುದು ಅತಿಥಿಯಂತೆ; ಬರುತ್ತದೆ, ಹೋಗುತ್ತದೆ. ಅದನ್ನೇ ನಂಬಿ ಕೂತವನು ವರ್ಷಕ್ಕೆರಡು ಸಲ ಇಡೀ ದಿನ ದುಡಿದು, ಬೆನ್ನು ನೋಯಿಸಿಕೊಂಡು, ಮತ್ತೆ ಆರು ತಿಂಗಳು ಆ ಕಡೆ ತಿರುಗಿ ನೋಡುವುದಿಲ್ಲ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ ಯಾವುದೆಂದು ಕೇಳಲಾದಾಗ, ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವಂಥದ್ದು ಎಂಬ ಅರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ಕೊಟ್ಟರು. ಆರಾಧನೆಯ ಕುರಿತಾದ ಈ ಪಾಠ ಅಂಗಳದ ಕೆಲಸಕ್ಕೂ ದಾರಿ ತೋರಿಸುತ್ತದೆ.

ನಾನು ಕಾರನ್ನು ಭಾಗ ಮಾಡಿಕೊಂಡೆ. ಶುಕ್ರವಾರ ಮದ್ರಸಕ್ಕೆ ರಜೆ. ಬೆಳಗ್ಗೆ ಜುಮುಅದ ಸಿದ್ಧತೆಗೆ ಮುಂಚೆ ಅರ್ಧ ಗಂಟೆ. ಇಡೀ ಕಾರನ್ನು ಬೇಗನೆ ತೊಳೆದು, ಒಂದೇ ಒಂದು ಭಾಗವನ್ನು ಚೆನ್ನಾಗಿ ನೋಡುವುದು. ಈ ವಾರ ಎಡಬಾಗಿಲು, ಮುಂದಿನ ವಾರ ಡಿಕ್ಕಿ, ಅದರ ಮುಂದಿನ ವಾರ ಚಕ್ರದ ಮೇಲಿನ ಕಮಾನು. ಅರ್ಧ ಗಂಟೆ ಮುಗಿದರೆ ಬಟ್ಟೆ ಹಿಂಡಿ ಒಣಹಾಕುವುದು. ಮನಸ್ಸಿಲ್ಲದ ದಿನವೂ ಅರ್ಧ ಗಂಟೆಯ ಕೆಲಸವನ್ನು ಮಾಡಬಹುದು. ಮನಸ್ಸು ಕೈಯನ್ನು ಎಬ್ಬಿಸುವುದಕ್ಕಿಂತ ಹೆಚ್ಚಾಗಿ, ಕೈ ಮನಸ್ಸನ್ನು ಎಬ್ಬಿಸುವುದನ್ನು ನಾನು ಕಂಡಿದ್ದೇನೆ.

ಆರೈಕೆಯೋ ಮರೆಮಾಚುವಿಕೆಯೋ?

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬಲಬಾಗಿಲಿನ ತುಕ್ಕನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕಿತ್ತು. ಖರ್ಚು ಹೆಚ್ಚೆಂದು ನಾನು ಅದರ ಮೇಲೆಯೇ ಪುಟ್ಟಿ ತುಂಬಿಸಿ ಪೇಂಟ್ ಹೊಡೆಸಿದೆ. ನೋಡಲು ಚೆನ್ನಾಗಿತ್ತು. ಅದೇ ಸಮಯಕ್ಕೆ ಕಾರು ಕೊಳ್ಳಲು ಒಬ್ಬರು ಬಂದರು. ದಲ್ಲಾಳಿ ನನ್ನನ್ನು ಪಕ್ಕಕ್ಕೆ ಕರೆದು, "ಬಾಗಿಲಿನ ವಿಷಯ ಹೇಳಬೇಡಿ, ಒಳ್ಳೆಯ ರೇಟು ಸಿಗುತ್ತದೆ" ಎಂದ. ಬಾಯಿ ಮುಚ್ಚಿಕೊಂಡಿದ್ದರೆ ವ್ಯಾಪಾರ ಮುಗಿಯುತ್ತಿತ್ತು.

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಹಾಕಿದಾಗ ಒಳಗೆ ತೇವ ಸಿಕ್ಕಿದ ಘಟನೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ! ಒದ್ದೆಯಾದ ಕಾಳನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಆ ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ಆ ದಿನ ನನ್ನ ಬಾಗಿಲಿನ ಪುಟ್ಟಿಯೂ ಒದ್ದೆ ಕಾಳನ್ನು ಮುಚ್ಚಿದ ಒಣ ಕಾಳೇ ಆಗಿತ್ತು. ಬಂದವರಿಗೆ ತುಕ್ಕಿನ ವಿಷಯ ಹೇಳಿದೆ. ಅವರು ಕೊಳ್ಳದೆ ಹೋದರು. ಎರಡನೆಯ ಮಳೆಗಾಲಕ್ಕೆ ಪುಟ್ಟಿ ಉಬ್ಬಿ ಕಳಚಿಬಿತ್ತು. ಕೊನೆಗೆ ತಗಡು ಬೆಸೆಯಿಸಿದ್ದೇ ಆಯಿತು, ಎರಡು ಪಟ್ಟು ಖರ್ಚಿನಲ್ಲಿ.

ಆರೈಕೆಗೂ ಮರೆಮಾಚುವಿಕೆಗೂ ವ್ಯತ್ಯಾಸ ಇಲ್ಲಿದೆ. ಆರೈಕೆ ಮಾಡುವವನು ವಸ್ತುವಿನ ಹಿತವನ್ನು ನೋಡುತ್ತಾನೆ. ಮರೆಮಾಚುವವನು ನೋಡುವವರ ಕಣ್ಣನ್ನು ನೋಡುತ್ತಾನೆ. ಜನ ಏನೆನ್ನುವರೋ ಎಂದು ಉಜ್ಜುವ ಕೈ ಜನ ನೋಡುವುದನ್ನು ಬಿಟ್ಟಾಗ ನಿಂತುಹೋಗುತ್ತದೆ. ನಮ್ಮ ಬೇಸರದ ನಿಜವಾದ ಕಾರಣ ಇಲ್ಲೇ ಇರಬಹುದು.

ಹಾಗೆಂದು ವಸ್ತುವಿನ ಮೋಹದಲ್ಲಿ ಮುಳುಗಬೇಕೆಂದು ನಾನು ಹೇಳುವುದಿಲ್ಲ. ಕಾರು ಅಮಾನತ್ತು, ಅದು ನಮ್ಮ ಸೇವೆಗಿದೆ, ನಾವು ಅದರ ಸೇವೆಗಿಲ್ಲ. ಅದಕ್ಕಾಗಿ ನಮಾಝಿನ ಹೊತ್ತು ಮೀರಬಾರದು, ತೊಳೆದ ಕೆಸರು ನೆರೆಮನೆಯ ದಾರಿಗೆ ಹರಿಯಬಾರದು. ತುಕ್ಕು ಅಡಿಯ ಚೌಕಟ್ಟಿಗೇ ಹಿಡಿದು, ಕೂತವರ ಪ್ರಾಣಕ್ಕೆ ಅಪಾಯವೆಂದಾದರೆ ಗುಜರಿಗೆ ಕೊಡುವುದೇ ಸರಿ. ಅಮಾನತ್ತನ್ನು ಕಾಪಾಡುವವನಿಗೆ ಯಾವಾಗ ಬಿಟ್ಟುಕೊಡಬೇಕೆಂಬುದೂ ತಿಳಿದಿರಬೇಕು.

ಆದರೆ ಆ ದಿನ ಬರುವವರೆಗೆ? ಲೋಕಾಂತ್ಯದ ಘಳಿಗೆಯೇ ಬಂದರೂ ಕೈಯಲ್ಲಿ ಸಸಿಯಿರುವವನು ಸಾಧ್ಯವಾದರೆ ಅದನ್ನು ನೆಡಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಆ ಸಸಿ ಮರವಾಗುವುದಿಲ್ಲ, ಹಣ್ಣು ಕೊಡುವುದಿಲ್ಲ. ಆದರೂ ನೆಡಬೇಕು. ಫಲ ಅಲ್ಲಾಹನ ಕೈಯಲ್ಲಿದೆ. ನಮ್ಮ ಕೈಯಲ್ಲಿರುವುದು ಸಸಿ ಮಾತ್ರ. ಇದನ್ನು ಅರಿತವನು, ಬಣ್ಣ ಮರಳಿ ಬರುವುದಿಲ್ಲವೆಂದು ಬಟ್ಟೆಯನ್ನು ಕೆಳಗಿಡುವುದಿಲ್ಲ.

ನಮ್ಮ ಕಾರಿನ ಬಾನೆಟ್ ಈಗಲೂ ಮಾಸಿದ ಗುಲಾಬಿಯ ಬಣ್ಣದಲ್ಲೇ ಇದೆ. ಅಂಚಿನ ಬೂದು ಗೆರೆ ಹಾಗೆಯೇ ಇದೆ. ಆದರೆ ಕಳೆದ ಎರಡು ಮಳೆಗಾಲಗಳಲ್ಲಿ ಹೊಸ ತುಕ್ಕು ಬಂದಿಲ್ಲ. ಆಸ್ಪತ್ರೆಗೆ ಹೋಗುವ ದಿನ ಉಮ್ಮ ಬಾಗಿಲು ಹಿಡಿದು ನಿಧಾನವಾಗಿ ಕೂರುತ್ತಾರೆ. ಆ ಬಾಗಿಲು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ನನಗೆ ಅಷ್ಟು ಸಾಕು.

ಪ್ರಿಯ ಓದುಗರೇ, ನಿಮ್ಮ ಅಂಗಳದಲ್ಲೂ ಹಳತಾದದ್ದು ಏನಾದರೂ ಇರಬಹುದು: ಕಾರು, ಸ್ಕೂಟರ್, ಹೊಲಿಗೆ ಯಂತ್ರ, ಅಜ್ಜನ ಕಾಲದ ಬಾಗಿಲು. ಬರುವ ಶುಕ್ರವಾರ ಅದರ ಒಂದು ಮೂಲೆಯನ್ನು ಮಾತ್ರ ಕೈಗೆತ್ತಿಕೊಳ್ಳಿ. ಅದು ಹೊಸದಾಯಿತೇ ಎಂದು ನೋಡಬೇಡಿ. ನಿಮ್ಮ ಕೈಯಲ್ಲಿ ಅದು ಇನ್ನಷ್ಟು ಕೆಡದೆ ಉಳಿಯಿತೇ ಎಂದು ನೋಡಿ.