ಒಪ್ಪಿಗೆಯಿಂದ ಕಟ್ಟಿದ್ದನ್ನು ಒಪ್ಪಿಗೆಯಿಂದ ಬಿಚ್ಚಬಹುದೇ?

ಶಿಕಾರಿಪುರ ತಾಲ್ಲೂಕಿನ ಉಡುತಡಿ, ಹನ್ನೆರಡನೆಯ ಶತಮಾನದ ಶರಣೆ ಅಕ್ಕಮಹಾದೇವಿಯ ಹುಟ್ಟೂರು. ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಇದೇ ಸೀಮೆಗೆ ಸೇರಿದ್ದು. ಶಿಕಾರಿಪುರ, ಸೊರಬಗಳ ಕಡೆ ನೆಲೆಸಿರುವ ನಮ್ಮ ಕ್ರೈಸ್ತ ಕುಟುಂಬಗಳಿಗೆ ಅಕ್ಕನ ಹೆಸರು ಹೊಸದಲ್ಲ. ನೆರೆಮನೆಯವರ ಮಾತಿನಲ್ಲಿ ಅದು ಕಿವಿಗೆ ಬೀಳುತ್ತಲೇ ಇರುತ್ತದೆ. ಶಾಲೆಯಲ್ಲಿ ನಮ್ಮ ಮಕ್ಕಳೂ ಆಕೆಯ ವಚನಗಳನ್ನು ಬಾಯಿಪಾಠ ಮಾಡಿದವರೇ. ಆದರೆ ಆಕೆಯ ಬದುಕಿನ ಒಂದು ಪ್ರಸಂಗವನ್ನು ವಿವಾಹದ ಪ್ರಶ್ನೆಯಾಗಿ ನಾವು ಯೋಚಿಸಿರುವುದು ಕಡಿಮೆ.

ಕವಿ ಹರಿಹರನು ಮಹಾದೇವಿಯಕ್ಕನ ರಗಳೆಯಲ್ಲಿ ಹೇಳುವ ಕಥೆ ಹೀಗಿದೆ. ಅರಸ ಕೌಶಿಕನು ಮಹಾದೇವಿಯ ರೂಪಕ್ಕೆ ಮನಸೋತು ತಂದೆತಾಯಿಗಳ ಬಳಿಗೆ ಹೆಣ್ಣು ಕೇಳಲು ಕಳುಹಿಸುತ್ತಾನೆ. ಅವರು ಒಪ್ಪುವುದಿಲ್ಲ. ಬೆದರಿಕೆ ಬರುತ್ತದೆ. ಹೆತ್ತವರಿಗೆ ಬಂದೊದಗಿದ ಕೇಡನ್ನು ತಪ್ಪಿಸಲು ಮಹಾದೇವಿಯೇ ಮುಂದೆ ಬಂದು ಷರತ್ತುಗಳನ್ನು ಇಡುತ್ತಾಳೆ: ತನ್ನ ಇಚ್ಛೆಯಂತೆ ಶಿವಪೂಜೆ, ಇಚ್ಛೆಯಂತೆ ಶಿವಭಕ್ತರ ಸಂಗ, ಇಚ್ಛೆಯಂತೆ ಗುರುಸೇವೆ. ಮೂರು ತಪ್ಪುಗಳವರೆಗೆ ಸೈರಿಸುವುದಾಗಿಯೂ ಹೇಳುತ್ತಾಳೆ. ಅರಸನು ಒಪ್ಪಿ ಮದುವೆಯಾಗುತ್ತಾನೆ, ಮಾತಿಗೆ ಮೂರು ಸಲ ತಪ್ಪುತ್ತಾನೆ. ಆಕೆ ಅರಮನೆಯನ್ನೂ ಅದರ ಉಡುಗೆತೊಡುಗೆಗಳನ್ನೂ ಬಿಟ್ಟು ಹೊರಟುಬಿಡುತ್ತಾಳೆ. ಹದಿನೈದನೆಯ ಶತಮಾನದ ಚಾಮರಸನಿಗೆ ಈ ಕಥೆ ಹಿಡಿಸಲಿಲ್ಲವೆಂದು ತೋರುತ್ತದೆ. ಅವನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ನಡೆಯುವುದಿಲ್ಲ. ಯಾವುದು ಚರಿತ್ರೆ ಎಂಬುದನ್ನು ವಿದ್ವಾಂಸರು ಚರ್ಚಿಸಲಿ. ಆದರೆ ಬೆದರಿಕೆಯಿಂದ ಪಡೆದ, ಷರತ್ತಿನ ಮೇಲೆ ನಿಂತ ಒಪ್ಪಿಗೆಯನ್ನು ಮದುವೆ ಎಂದು ಕರೆಯಬಹುದೇ ಎಂಬ ಪ್ರಶ್ನೆ ಈ ಎರಡು ಕಥೆಗಳ ನಡುವೆ ಉಳಿದುಬಿಟ್ಟಿದೆ.

ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ನಮ್ಮ ಮನೆಗಳತ್ತ ಬರೋಣ. ‘ಪರಸ್ಪರ ಒಪ್ಪಿಗೆಯ ವಿಚ್ಛೇದನ’ ಎಂಬ ಮಾತು ಈಗ ಧರ್ಮಕೇಂದ್ರದ ಅಂಗಳದಲ್ಲಿಯೂ ಕೇಳಿಬರುತ್ತದೆ. ಕೆಲವರು ಅದನ್ನು ಪಿಸುಮಾತಿನಲ್ಲಿ ಹೇಳುತ್ತಾರೆ, ಕೆಲವರು ಬ್ಯಾಂಕಿನ ಖಾತೆ ಮುಚ್ಚುವಷ್ಟು ಹಗುರವಾಗಿ ಹೇಳುತ್ತಾರೆ. ಎರಡೂ ಸರಿಯಲ್ಲವೆಂದು ನನ್ನ ಭಾವನೆ.

ಕಾನೂನಿನ ಹಿನ್ನೆಲೆಯನ್ನು ತಿಳಿಯದೆ ಈ ವಿಷಯದ ನೈತಿಕತೆಯನ್ನು ತೂಗಲಾಗದು. ಭಾರತದ ಕ್ರೈಸ್ತರ ವಿಚ್ಛೇದನವನ್ನು ನಿಯಂತ್ರಿಸುವುದು ಬ್ರಿಟಿಷರ ಕಾಲದ 1869ರ ಕಾಯಿದೆ. ಅದರ ಮೂಲರೂಪದಲ್ಲಿ ಗಂಡನಾದವನು ಹೆಂಡತಿಯ ವ್ಯಭಿಚಾರವನ್ನು ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿಗೆ ಅಷ್ಟು ಸಾಲದು; ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಅವಳು ಸಾಬೀತು ಮಾಡಬೇಕಿತ್ತು. ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟರೂ ಉಚ್ಚ ನ್ಯಾಯಾಲಯ ಅದನ್ನು ದೃಢೀಕರಿಸುವವರೆಗೆ ಕಾಯಬೇಕಿತ್ತು. 1954ರ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾದವರಿಗೆ ಒಪ್ಪಿಗೆಯ ವಿಚ್ಛೇದನ ಮೊದಲಿನಿಂದಲೂ ಇತ್ತು. ಹಿಂದೂ ವಿವಾಹ ಕಾಯಿದೆಗೆ ಅದು 1976ರಲ್ಲಿ ಸೇರಿತು. ಕ್ರೈಸ್ತರಿಗೆ ದೊರೆತದ್ದು 2001ರ ತಿದ್ದುಪಡಿಯಲ್ಲಿ. ಗಂಡಹೆಂಡಿರಿಗೆ ಸಮಾನ ಕಾರಣಗಳು, ಉಚ್ಚ ನ್ಯಾಯಾಲಯದ ದೃಢೀಕರಣದಿಂದ ಬಿಡುಗಡೆ, ‘10ಎ’ ಎಂಬ ಹೊಸ ಕಲಮು, ಇವೆಲ್ಲ ಆಗ ಬಂದವು.

ಈ 10ಎ ಕಲಮಿನಂತೆ ಇಬ್ಬರೂ ಸೇರಿ ಅರ್ಜಿ ಸಲ್ಲಿಸಬೇಕು. ಎರಡು ವರ್ಷಗಳಿಂದ ಬೇರೆ ಬೇರೆ ವಾಸಿಸುತ್ತಿದ್ದೇವೆ, ಕೂಡಿ ಬಾಳಲಾಗಲಿಲ್ಲ, ಮದುವೆಯನ್ನು ಕೊನೆಗಾಣಿಸಲು ಒಪ್ಪಿದ್ದೇವೆ ಎಂದು ತಿಳಿಸಬೇಕು. ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳು ಮೀರುವ ಮೊದಲು, ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಅದನ್ನೇ ಕೋರಬೇಕು. ನ್ಯಾಯಾಧೀಶರು ವಿಚಾರಣೆ ಮಾಡಿ, ಹೇಳಿದ್ದು ನಿಜವೆಂದು ಮನಗಂಡರೆ ತೀರ್ಪು ಕೊಡುತ್ತಾರೆ. ಹಿಂದೂ ದಂಪತಿಗಳಿಗೆ ಒಂದು ವರ್ಷ, ಕ್ರೈಸ್ತರಿಗೆ ಎರಡು ವರ್ಷ ಏಕೆಂಬ ಪ್ರಶ್ನೆ ಎದ್ದಿತು. 2010ರಲ್ಲಿ ಕೇರಳ ಉಚ್ಚ ನ್ಯಾಯಾಲಯ ಆ ಎರಡನ್ನು ಒಂದು ಎಂದೇ ಓದಿಕೊಳ್ಳಬೇಕೆಂದಿತು. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವೂ ನಂತರ ಅದೇ ಹಾದಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇರಳದ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಅರ್ಜಿಗೆ ಮೊದಲು ಇಷ್ಟು ಕಾಲ ಬೇರೆಯಿರಬೇಕೆಂಬ ಕಡ್ಡಾಯವೇ ಸಂವಿಧಾನಕ್ಕೆ ವಿರುದ್ಧವೆಂದಿತು.

ಇನ್ನು ಮೂಲಪ್ರಶ್ನೆ. ವಿವಾಹವನ್ನು ಉಂಟುಮಾಡುವುದು ವಧೂವರರ ಒಪ್ಪಿಗೆಯೇ ಎಂದು ಧರ್ಮಸಭೆ ಬೋಧಿಸುತ್ತದೆ. ಗುರುಗಳು ಅದಕ್ಕೆ ಸಾಕ್ಷಿಗಳು. ಹೆತ್ತವರ ಇಚ್ಛೆ, ಊಟೋಪಚಾರ, ಒಡವೆವಸ್ತ್ರ ಯಾವುದೂ ಮದುವೆಯನ್ನು ಮದುವೆಯಾಗಿಸುವುದಿಲ್ಲ. ಹಾಗಿದ್ದರೆ ಒಬ್ಬ ತರುಣನು ಎದ್ದು ನಿಂತು, ‘ನಮ್ಮ ಒಪ್ಪಿಗೆಯೇ ಇದನ್ನು ಕಟ್ಟಿದ್ದಾದರೆ ನಮ್ಮ ಒಪ್ಪಿಗೆ ಇದನ್ನು ಬಿಚ್ಚಲಾರದೇಕೆ?’ ಎಂದು ಕೇಳಿದರೆ ಏನು ಹೇಳೋಣ? ಇದು ಉದ್ಧಟತನದ ಪ್ರಶ್ನೆಯಲ್ಲ. ಕೇವಲ ‘ದೇವರು ಕೂಡಿಸಿದ್ದಾರೆ’ ಎಂದು ಅವನ ಬಾಯಿ ಮುಚ್ಚಿಸುವುದು ನ್ಯಾಯವೂ ಅಲ್ಲ.

ಲೋಕದಲ್ಲಿ ಎರಡು ಬಗೆಯ ಒಪ್ಪಿಗೆಗಳಿವೆ. ತೋಟವನ್ನು ಗೇಣಿಗೆ ಕೊಡುವ ಒಪ್ಪಂದವನ್ನು ಇಬ್ಬರೂ ಕೂಡಿ ರದ್ದುಮಾಡಬಹುದು. ಅಲ್ಲಿ ಹುಟ್ಟಿದ್ದು ಬರಿಯ ಹಕ್ಕುಬಾಧ್ಯತೆ. ಆದರೆ ಮಗುವೊಂದನ್ನು ದತ್ತು ತೆಗೆದುಕೊಳ್ಳುವುದೂ ಒಪ್ಪಿಗೆಯಿಂದಲೇ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಏನನ್ನುತ್ತದೆ? ಕ್ರಮಬದ್ಧವಾಗಿ ಆದ ದತ್ತುವನ್ನು ದತ್ತು ತಂದೆತಾಯಿಗಳಾಗಲಿ ಬೇರೆ ಯಾರೇ ಆಗಲಿ ರದ್ದುಮಾಡಲಾಗದು. ಮಗುವೂ ಅದನ್ನು ಬಿಟ್ಟುಕೊಟ್ಟು ಹುಟ್ಟಿದ ಮನೆಗೆ ಮರಳಲಾಗದು. ಅಲ್ಲಿ ಹುಟ್ಟಿದ್ದು ಒಪ್ಪಂದವಲ್ಲ, ನಂಟು. ತಂದೆಯೂ ಮಗನೂ ಸೇರಿ ಕಾಗದ ಬರೆದು ‘ಇಂದಿನಿಂದ ನಾವು ತಂದೆಮಕ್ಕಳಲ್ಲ’ ಎಂದರೆ ಊರು ನಕ್ಕೀತು. ಅಂದರೆ ಒಪ್ಪಿಗೆಯಿಂದ ಹುಟ್ಟಿಯೂ ಒಪ್ಪಿಗೆಯ ಹಿಡಿತಕ್ಕೆ ಮೀರಿದ ಸಂಬಂಧವೊಂದಿದೆ ಎಂಬುದನ್ನು ಲೌಕಿಕ ಕಾನೂನೂ ಬಲ್ಲದು. ಪ್ರಭು ಯೇಸು ಫರಿಸಾಯರಿಗೆ ಉತ್ತರಿಸುವಾಗ ಮೋಶೆಯ ವಿಚ್ಛೇದನ ಪತ್ರವನ್ನು ದಾಟಿ ಸೃಷ್ಟಿಯ ಆದಿಗೆ ಹೋದದ್ದು ಇದಕ್ಕಾಗಿಯೇ. ವಿವಾಹವು ಗೇಣಿಪತ್ರದ ಜಾತಿಯದಲ್ಲ, ನಂಟಿನ ಜಾತಿಯದು ಎಂಬುದು ಅವರ ನಿಲುವು. ಅಂದು ಪತ್ರ ಬರೆದು ಕೈಗೆ ಕೊಡುತ್ತಿದ್ದವನು ಗಂಡಸು, ಬೀದಿಗೆ ಬೀಳುತ್ತಿದ್ದವಳು ಹೆಂಗಸು ಎಂಬುದನ್ನೂ ಮರೆಯಬಾರದು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಕಾನೂನಿನಲ್ಲಿ ವಿಚ್ಛೇದನವಿಲ್ಲದಿದ್ದರೆ ಸಂಸಾರಗಳು ಉಳಿಯುತ್ತವೆಯೇ? ಬಹುಸಂಖ್ಯಾತರು ಕಥೋಲಿಕರಾಗಿರುವ ಫಿಲಿಪ್ಪೀನ್ಸ್ ದೇಶದಲ್ಲಿ ಮುಸ್ಲಿಮರನ್ನು ಬಿಟ್ಟು ಹೆಚ್ಚಿನ ಪ್ರಜೆಗಳಿಗೆ ಇಂದಿಗೂ ವಿಚ್ಛೇದನದ ಕಾನೂನಿಲ್ಲ. ಮದುವೆಗಳು ಅಲ್ಲಿಯೂ ಮುರಿಯುತ್ತವೆ, ದುಡ್ಡಿದ್ದವರು ನ್ಯಾಯಾಲಯಕ್ಕೆ ಹೋಗಿ ಮದುವೆಯನ್ನು ಅಸಿಂಧುಗೊಳಿಸಿಕೊಳ್ಳುತ್ತಾರೆ, ಬಡವರು ಹಾಗೆಯೇ ಅಗಲಿ ಬದುಕುತ್ತಾರೆ. ನಮ್ಮ ಹಳೆಯ ಕಾಯಿದೆಯಾದರೂ ಏನು ಮಾಡಿತ್ತು? ಕೂಡಿ ಬಾಳಲಾಗದ ದಂಪತಿಗಳಿಗೆ ಒಬ್ಬರ ಮೇಲೊಬ್ಬರು ಕೆಸರೆರಚುವುದೊಂದೇ ದಾರಿಯಾಗಿ ಉಳಿಸಿತ್ತು. ಆಗದಿದ್ದ ವ್ಯಭಿಚಾರವನ್ನು ಆಯಿತೆಂದು ಹೇಳುವ ಪ್ರಲೋಭನೆಯನ್ನು ಕಾನೂನೇ ಒಡ್ಡುತ್ತಿತ್ತು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ಗಂಡಹೆಂಡಿರಿಗೆ ಅನ್ವಯಿಸುವುದಿಲ್ಲವೇ? ಈ ದೃಷ್ಟಿಯಿಂದ ನೋಡಿದರೆ, ದೂಷಣೆಯಿಲ್ಲದೆ, ಮಕ್ಕಳ ಕಿವಿಗೆ ಹೆತ್ತವರ ಮಾನದ ಹರಾಜು ಬೀಳದಂತೆ, ‘ನಮ್ಮಿಂದ ಆಗಲಿಲ್ಲ’ ಎಂದು ನ್ಯಾಯಾಧೀಶರ ಮುಂದೆ ಒಪ್ಪಿಕೊಳ್ಳುವುದು ಹೆಚ್ಚು ಪ್ರಾಮಾಣಿಕವಾದ ದಾರಿ. ಜೀವನಾಂಶ, ಮಕ್ಕಳ ಪಾಲನೆ, ಆಸ್ತಿಯ ರಕ್ಷಣೆಗಳಿಗೆ ಬೇರೆ ಮಾರ್ಗವೇ ಇಲ್ಲದಾಗ ಲೌಕಿಕ ವಿಚ್ಛೇದನವನ್ನು ಸಹಿಸಬಹುದು, ಅದು ನೈತಿಕ ಅಪರಾಧವಲ್ಲವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಇದನ್ನು ತಿಳಿದವರು ನಮ್ಮಲ್ಲಿ ಬಹಳ ಮಂದಿಯಿಲ್ಲ.

ನನ್ನ ಭಯ ಬೇರೆಡೆ ಇದೆ. ಒಪ್ಪಿಗೆಯ ಅರ್ಜಿಯಲ್ಲಿ ಎರಡು ಸಹಿಗಳಿರುತ್ತವೆ. ಎರಡು ಮನಸ್ಸುಗಳೂ ಇರುತ್ತವೆಯೇ? ‘ಸಹಿ ಹಾಕಿದರೆ ನಿನ್ನ ಒಡವೆ ಕೊಡುತ್ತೇವೆ’, ‘ಹಾಕದಿದ್ದರೆ ಮಗುವನ್ನು ನೋಡಲು ಬಿಡುವುದಿಲ್ಲ’, ‘ಜೀವನಾಂಶ ಕೇಳಬೇಡ, ಬೇಗ ಮುಗಿಸಿಬಿಡೋಣ’ ಎಂಬ ಮಾತುಗಳ ಕೆಳಗೆ ಬಿದ್ದ ಸಹಿ ಕೌಶಿಕನ ಆಳುಗಳು ಉಡುತಡಿಯಲ್ಲಿ ಪಡೆದ ಒಪ್ಪಿಗೆಗಿಂತ ಹೆಚ್ಚೇನೂ ಅಲ್ಲ. ವಿಧಾನ ಸರಳವಾದಷ್ಟೂ ಬಲವಿದ್ದವನ ಕೆಲಸ ಸರಳವಾಗುವ ಅಪಾಯವಿದೆ. ತೀರ್ಪು ಬರುವ ಮೊದಲು ಒಬ್ಬರು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದು ಹಿಂದೂ ವಿವಾಹ ಕಾಯಿದೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿತ್ತು. ಅದೇ ಕಾಯಿದೆಯ ಆರು ತಿಂಗಳ ಕಾಯುವಿಕೆಯನ್ನು ಯೋಗ್ಯ ಸಂದರ್ಭಗಳಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ಹೇಳಿತು. ಮುರಿದುಬಿದ್ದ ಮನೆಯಲ್ಲಿ ಜನರನ್ನು ಸುಮ್ಮನೆ ಕಾಯಿಸುವುದು ಕ್ರೌರ್ಯವೇ ಸರಿ. ಆದರೂ ಹೆದರಿ ಸಹಿಮಾಡಿದವಳಿಗೆ ಆ ಆರು ತಿಂಗಳು ಮತ್ತೊಮ್ಮೆ ಉಸಿರಾಡುವ ಅವಕಾಶವಾಗಿತ್ತೆಂಬುದನ್ನು ಮರೆಯಲಾರೆ. ಇನ್ನು ಮಕ್ಕಳ ಒಪ್ಪಿಗೆಯನ್ನಂತೂ ಅರ್ಜಿಯ ಯಾವ ಪುಟವೂ ಕೇಳುವುದಿಲ್ಲ.

ನ್ಯಾಯಾಲಯದ ತೀರ್ಪು ಒಂದು, ಧರ್ಮಸಭೆಯ ತೀರ್ಪು ಇನ್ನೊಂದು ಎಂಬ ಗೊಂದಲವೂ ನಮ್ಮ ಕುಟುಂಬಗಳನ್ನು ಕಾಡುತ್ತದೆ. ಧರ್ಮಪ್ರಾಂತ್ಯದ ನ್ಯಾಯಮಂಡಳಿಯು ಮದುವೆಯನ್ನು ಅಸಿಂಧುವೆಂದು ಸಾರಿದರೂ ದೇಶದ ಕಾನೂನಿನ ಮುಂದೆ ಅದು ವಿಚ್ಛೇದನವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಅವರು ಇಂತಹ ಘೋಷಣೆಗಳಿಗೆ ಕಾನೂನಿನ ಮಾನ್ಯತೆ ಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನೂ 2017ರ ಜನವರಿಯಲ್ಲಿ ವಜಾಮಾಡಿತು. ಹಾಗೆಯೇ ನ್ಯಾಯಾಲಯದ ವಿಚ್ಛೇದನ ಪಡೆದ ಮಾತ್ರಕ್ಕೆ ಚರ್ಚಿನಲ್ಲಿ ಮರುಮದುವೆಗೆ ದಾರಿ ತೆರೆಯದು.

ಧರ್ಮಸಭೆಯೂ ತನ್ನ ವಿಧಾನವನ್ನು ಸರಳಗೊಳಿಸಿದೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ಆಜ್ಞೆಯಿಂದ ಎರಡನೆಯ ನ್ಯಾಯಮಂಡಳಿಯ ದೃಢೀಕರಣದ ಕಡ್ಡಾಯ ಹೋಯಿತು. ಇಬ್ಬರೂ ಕೂಡಿ, ಅಥವಾ ಒಬ್ಬರು ಇನ್ನೊಬ್ಬರ ಸಮ್ಮತಿಯಿಂದ ಕೇಳಿಕೊಂಡಾಗ, ಪುರಾವೆ ಸ್ಪಷ್ಟವಾಗಿದ್ದರೆ ಧರ್ಮಾಧ್ಯಕ್ಷರೇ ಚುಟುಕು ವಿಚಾರಣೆಯಲ್ಲಿ ತೀರ್ಮಾನಿಸುವ ಅವಕಾಶ ಬಂದಿತು. ಸಾಧ್ಯವಾದಷ್ಟೂ ಇದು ಉಚಿತವಾಗಿರಬೇಕೆಂಬುದು ಅವರ ಆಶಯವಾಗಿತ್ತು. ಹೊರನೋಟಕ್ಕೆ ಇದೂ 10ಎ ಕಲಮಿನ ತಮ್ಮನಂತೆ ಕಾಣುತ್ತದೆ. ಆದರೆ ಕೇಳುವ ಪ್ರಶ್ನೆ ಬೇರೆ. ನ್ಯಾಯಾಲಯ ‘ಇಂದು ಬೇರೆಯಾಗಲು ಒಪ್ಪಿದ್ದೀರಾ?’ ಎಂದು ಕೇಳುತ್ತದೆ. ಧರ್ಮಸಭೆ ‘ಅಂದು ಕೂಡಿಬಾಳಲು ನಿಜವಾಗಿ ಒಪ್ಪಿದ್ದಿರಾ?’ ಎಂದು ಕೇಳುತ್ತದೆ. ದಂಪತಿಗಳಿಬ್ಬರೂ ಬೇಡವೆಂದ ಮಾತ್ರಕ್ಕೆ ಸಾಲದು. ಆರಂಭದಲ್ಲಿಯೇ ಕೊರತೆಯಿತ್ತೆಂಬುದು ತೋರಬೇಕು. ಹಾಗೆ ಘೋಷಣೆಯಾದರೆ ಮಕ್ಕಳು ಅನೌರಸರಾಗುತ್ತಾರೆಂಬ ಭಯ ಬೇಡ. ಹಾಗೇನೂ ಆಗುವುದಿಲ್ಲವೆಂದು ಧರ್ಮಸಭೆಯ ಕಾನೂನು ಸ್ಪಷ್ಟಪಡಿಸಿದೆ.

ಅದೇ ಕಾನೂನು ಸಂಹಿತೆಯ ಎರಡು ನಿಯಮಗಳು ಅಕ್ಕಪಕ್ಕದಲ್ಲಿವೆ. 1102ನೆಯದು, ಮುಂದೆ ನಡೆಯಬೇಕಾದ ಸಂಗತಿಯ ಷರತ್ತಿನ ಮೇಲೆ ಮದುವೆಯಾದರೆ ಅದು ಸಿಂಧುವಲ್ಲವೆನ್ನುತ್ತದೆ. 1103ನೆಯದು, ಬಲಾತ್ಕಾರದಿಂದಲೋ ಹೊರಗಿನಿಂದ ಬಂದ ಘೋರ ಭಯದಿಂದಲೋ ಆದ ಮದುವೆಯೂ ಸಿಂಧುವಲ್ಲವೆನ್ನುತ್ತದೆ. ಉಡುತಡಿಯ ಕಥೆಯನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ. ಬೇರೆ ಧರ್ಮದ, ಬೇರೆ ಕಾಲದ ಶರಣೆಯನ್ನು ನಮ್ಮ ನ್ಯಾಯಮಂಡಳಿಗೆ ಎಳೆದು ತರುವ ಉದ್ದೇಶ ನನಗಿಲ್ಲ. ಆದರೆ ಅರಮನೆಯಿಂದ ಹೊರನಡೆದವಳು ಮದುವೆಯನ್ನು ಮುರಿದಳು ಎಂದು ಹರಿಹರನ ಕಥೆಯನ್ನು ಓದಿದವರು ಸುಲಭವಾಗಿ ಹೇಳಲಾರರು. ಮುರಿಯಲು ಅಲ್ಲಿ ಮೊದಲು ಏನಿತ್ತು?

ತವರಿಗೆ ಮರಳಿದ ನಮ್ಮ ಹೆಣ್ಣುಮಕ್ಕಳನ್ನು ನಾವು ಅಷ್ಟು ನಿಧಾನವಾಗಿ ವಿಚಾರಿಸುತ್ತೇವೆಯೇ? ವಿಚ್ಛೇದನ ಪಡೆದು ಮರುಮದುವೆಯಾಗದೆ ಇರುವವರಿಗೆ ವಿಚ್ಛೇದನವೊಂದೇ ಕಾರಣವಾಗಿ ಪರಮಪ್ರಸಾದ ಸ್ವೀಕಾರಕ್ಕೆ ಅಡ್ಡಿಯಿಲ್ಲ. ಆದರೂ ಭಾನುವಾರದ ಬಲಿಪೂಜೆಯಲ್ಲಿ ಅವರು ಹಿಂದಿನ ಬೆಂಚಿಗೆ ಸರಿಯುತ್ತಾರೆ, ಪ್ರಸಾದದ ಸಾಲು ಹೊರಟಾಗ ಕುಳಿತೇ ಇರುತ್ತಾರೆ. ಅವರನ್ನು ತಡೆದದ್ದು ಧರ್ಮಸಭೆಯ ನಿಯಮವಲ್ಲ, ನಮ್ಮ ಕಣ್ಣುಗಳು. ಮರುಮದುವೆಯಾದವರೂ ಬಹಿಷ್ಕೃತರಲ್ಲ, ಧರ್ಮಸಭೆಯ ಮಕ್ಕಳೇ ಎಂದು 2016ರಲ್ಲಿ ಫ್ರಾನ್ಸಿಸರು ಮತ್ತೆ ನೆನಪಿಸಬೇಕಾಯಿತು.

ಮದುವೆಗೆ ಮೊದಲು ನಮ್ಮ ಚರ್ಚುಗಳಲ್ಲಿ ವಿವಾಹ ಪ್ರಕಟಣೆಗಳನ್ನು ಓದುವ ಪದ್ಧತಿಯಿದೆ. ಅಡ್ಡಿಯೇನಾದರೂ ತಿಳಿದವರು ಗುರುಗಳಿಗೆ ತಿಳಿಸಲೆಂದು. ಹುಡುಗನ ಕುಡಿತವನ್ನೋ ಹುಡುಗಿಯ ಕಣ್ಣೀರನ್ನೋ ಬಲ್ಲವರು ಆ ಹೊತ್ತಿನಲ್ಲಿ ಮಾತಾಡುವುದು ಅಪರೂಪ. ಮದುವೆ ಮುರಿದ ಮರುದಿನ ಮಾತ್ರ ಊರೆಲ್ಲ ಸಾಕ್ಷಿ ಹೇಳುತ್ತದೆ. ಪ್ರಕಟಣೆಯ ಜೊತೆಗೆ ಇನ್ನೊಂದು ಏರ್ಪಾಡೂ ಇದೆ. ಗುರುಗಳು ವಧುವನ್ನೂ ವರನನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು, ‘ನೀನು ಯಾರ ಒತ್ತಾಯಕ್ಕೂ ಒಳಗಾಗದೆ ಒಪ್ಪಿರುವೆಯಾ?’ ಎಂದು ಕೇಳಿ ಉತ್ತರವನ್ನು ಬರೆದುಕೊಳ್ಳುತ್ತಾರೆ. ಛತ್ರಕ್ಕೆ ಮುಂಗಡ ಕೊಟ್ಟಾಗಿರುತ್ತದೆ, ಆಮಂತ್ರಣ ಪತ್ರಿಕೆ ಹಂಚಿಯಾಗಿರುತ್ತದೆ, ತಾಯಿ ಬಾಗಿಲ ಹೊರಗೆ ನಿಂತಿರುತ್ತಾಳೆ. ಅಷ್ಟೆಲ್ಲ ಆದ ಮೇಲೆ ಆ ಪ್ರಶ್ನೆಗೆ ‘ಇಲ್ಲ’ ಎನ್ನುವ ಧೈರ್ಯ ಯಾವ ಹುಡುಗಿಗೆ ಬಂದೀತು? ಹೆಣ್ಣು ನೋಡುವ ಶಾಸ್ತ್ರಕ್ಕೂ ಮೊದಲೇ, ಮನೆಯಲ್ಲಿ, ತಂದೆಯೋ ಅಜ್ಜಿಯೋ ಒಮ್ಮೆ ಅದನ್ನು ಕೇಳಿ, ಅವಳ ಉತ್ತರಕ್ಕಾಗಿ ಕೆಲವು ದಿನ ಕಾಯಬಹುದಲ್ಲವೇ?