ಹಗುರ ಓದಿನ ಪಾಪ ಪುಣ್ಯ

ಪುಸ್ತಕಗಳಲ್ಲಿಯೂ ಮಡಿ ಮೈಲಿಗೆ ಇದೆ. ಕುವೆಂಪು, ಕಾರಂತ, ಮಾಸ್ತಿಯವರ ಪುಸ್ತಕಗಳು ಹಜಾರದ ಗಾಜಿನ ಬೀರುವಿನಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಕೂತಿರುತ್ತವೆ. ಪತ್ತೇದಾರಿ ಕಾದಂಬರಿ, ನಗೆಬರಹಗಳ ಜಾಗ ದಿಂಬಿನ ಅಡಿ, ಇಲ್ಲವೇ ಅಡಿಗೆಮನೆಯ ಡಬ್ಬಿಗಳ ಹಿಂದೆ. "ಏನು ಓದ್ತಾ ಇದೀರಿ?" ಎಂದು ಯಾರಾದರೂ ಕೇಳಿದರೆ "ಏನಿಲ್ಲ, ಸುಮ್ನೆ ಟೈಂಪಾಸಿಗೆ" ಎಂದು ಪುಸ್ತಕ ಮುಚ್ಚಿಡುವ ಹೆಂಗಸರನ್ನು ನಾನು ಎಷ್ಟೋ ಕಂಡಿದ್ದೇನೆ. ಗಂಡಸರು ಎರಡು ಗಂಟೆ ಇಸ್ಪೀಟಾಡಿ ಎದ್ದರೂ ಯಾರಿಗೂ ಸಮಜಾಯಿಷಿ ಕೊಡುವುದಿಲ್ಲ. ಅರ್ಧ ಗಂಟೆ ಕಾದಂಬರಿ ಓದಿದ ಹೆಂಗಸು ಮಾತ್ರ ಯಾಕೆ ಕೊಡಬೇಕು? ಬರೀ ಖುಷಿಗಾಗಿ ಓದುವುದು ಅಷ್ಟು ದೊಡ್ಡ ತಪ್ಪೆ?

ನಮ್ಮ ಸೀತೂರಿನಂಥ ಕಡೆ ಟೀಚರ ಮನೆಯೆಂದರೆ ಪುಸ್ತಕ ಸಿಗುವ ಜಾಗ ಎಂದೇ ಲೆಕ್ಕ. ನೆರೆಮನೆಯಾಕೆ ಒಬ್ಬರು ಒಂದು ಮಳೆಗಾಲ ಬಂದರು. ಅವರ ಅತ್ತೆ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. "ಟೀಚರಮ್ಮ, ಓದಕ್ಕೆ ಏನಾದ್ರೂ ಕೊಡಿ. ಆದ್ರೆ ಅಳ್ಸೋದು ಮಾತ್ರ ಬೇಡ. ಅಳಕ್ಕೆ ಮನೇಲೇ ಬೇಕಾದಷ್ಟಿದೆ" ಎಂದರು. ಅವರಿಗೆ ನಾನು ಕೊಟ್ಟದ್ದು ತೇಜಸ್ವಿಯವರ 'ಜುಗಾರಿ ಕ್ರಾಸ್'. ನಾಲ್ಕೇ ದಿನಕ್ಕೆ ವಾಪಸು ತಂದು, "ಅನ್ನ ಸೀದಿದ್ದೂ ಗೊತ್ತಾಗ್ಲಿಲ್ಲ ಮಾರಾಯ್ತಿ. ಇಂಥದ್ದೇ ಇನ್ನೊಂದು ಕೊಡಿ" ಎಂದರು. ಆ ಮುಖದಲ್ಲಿ ನಗು ಕಂಡು ಬಹಳ ದಿನವಾಗಿತ್ತು.

ಅವರಿಗೆ ಮುಂದೆ ಕೊಟ್ಟದ್ದು ತೇಜಸ್ವಿಯವರದೇ 'ಚಿದಂಬರ ರಹಸ್ಯ'. ಒಬ್ಬ ವಿಜ್ಞಾನಿಯ ಸಾವು, ಏಲಕ್ಕಿ ತೋಟ, ತನಿಖೆಗೆ ಬಂದ ಅಧಿಕಾರಿ, ಎಲ್ಲವೂ ನಮ್ಮ ಮಲೆನಾಡಿನದೇ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕುವೆಂಪು ಅವರ ಮಗನೇ ಕೊಲೆ, ಕಳ್ಳಸಾಗಣೆಯ ಕುತೂಹಲವನ್ನು ಒಳಗೆ ಕರೆದು ಮಣೆ ಹಾಕಿ ಕೂರಿಸಿದ ಮೇಲೂ ನಮಗೆ ಈ ಮಡಿ ಯಾಕೋ ನನಗೆ ತಿಳಿಯದು. ಇನ್ನೂ ಹಗುರವಾದದ್ದು ಬೇಕೆಂದರೆ ಎನ್. ನರಸಿಂಹಯ್ಯನವರಿದ್ದಾರೆ. 'ಪತ್ತೇದಾರ ಪುರುಷೋತ್ತಮ'ನನ್ನು ಸೃಷ್ಟಿಸಿ, ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, 2011ರಲ್ಲಿ ತೀರಿಕೊಂಡರು. ಅಕ್ಷರ ಕೂಡಿಸಿ ಓದುತ್ತಿದ್ದ ಎಷ್ಟೋ ಜನ ಸರಾಗವಾಗಿ ಓದಲು ಕಲಿತದ್ದು ಇಂಥ ಪುಸ್ತಕಗಳಿಂದ. ನಗಬೇಕೆಂದರೆ ಬೀಚಿ ಇದ್ದಾರೆ, ಟಿ. ಸುನಂದಮ್ಮನವರಿದ್ದಾರೆ. ಹೆಂಗಸರಿಗೆ ಹಾಸ್ಯ ಬಾರದು ಎನ್ನುತ್ತಿದ್ದ ಕಾಲದಲ್ಲಿ ಸುನಂದಮ್ಮ 'ಕೊರವಂಜಿ'ಯಲ್ಲಿ ಬರೆದು ಮನೆಮನೆಯನ್ನೂ ನಗಿಸಿದವರು.

ಪತ್ತೇದಾರಿ ಕತೆ ಓದಿದರೆ ಮಕ್ಕಳು ಕೆಡುತ್ತಾರೆ ಎಂಬ ಮಾತನ್ನು ಸ್ಟಾಫ್ ರೂಮುಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ನಾನು ಕಂಡದ್ದು ಬೇರೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಒಬ್ಬ ಹುಡುಗಿಯ ಪರೀಕ್ಷೆ ಫೀಸಿನ ಹಣ ಕಳೆಯಿತು. ಎಲ್ಲರ ಕಣ್ಣೂ ತೋಟದ ಲೈನಿನಿಂದ ಬರುತ್ತಿದ್ದ ಕೂಲಿಯವರ ಮಗಳ ಮೇಲೆ. ನಾನು ತರಗತಿಗೆ ಹೋಗುವಷ್ಟರಲ್ಲಿ ಉಳಿದ ಮಕ್ಕಳು ಅವಳ ಚೀಲವನ್ನು ಎರಡು ಸಲ ಜಾಲಾಡಿ ಆಗಿತ್ತು. ಡೆಸ್ಕಿನ ಕೆಳಗೆ ಪತ್ತೇದಾರಿ ಕತೆ ಇಟ್ಟುಕೊಂಡು ಓದುವುದರಲ್ಲಿ ಹೆಸರಾದ ಒಬ್ಬಳು ಆಗ ಎದ್ದು ನಿಂತಳು. "ಅವಳೇ ತಗೊಂಡಿದ್ದು ಅಂತ ನೋಡಿದೋರು ಯಾರು ಟೀಚರ್? ಹಣವನ್ನ ಕಡೇ ಸಲ ಕಂಡೋರು ಯಾರು, ಅದನ್ನ ಮೊದ್ಲು ಕೇಳಿ" ಎಂದಳು. ಕೇಳಿದೆವು. ಹಣ ಕೊಟ್ಟ ಅಪ್ಪನಿಗೆ ಹೇಳಿ ಕಳಿಸಿದೆವು. ಭದ್ರವಾಗಿರಲಿ ಎಂದು ಗಣಿತದ ಪುಸ್ತಕದ ಬೈಂಡಿನ ಕಾಗದದೊಳಗೆ ಅವರೇ ನೋಟು ಸಿಕ್ಕಿಸಿದ್ದರು.

ಒಳ್ಳೆಯ ಪತ್ತೇದಾರಿ ಕತೆ ಕಲಿಸುವುದು ಇದನ್ನೇ. ಮೊದಲ ಪುಟದಲ್ಲಿ ಯಾರ ಮೇಲೆ ಅನುಮಾನ ಬರುತ್ತದೆಯೋ ಅವರು ಸಾಮಾನ್ಯವಾಗಿ ಕಳ್ಳರಲ್ಲ. ಆತುರಪಟ್ಟ ಓದುಗರು ಕೊನೆಯ ಪುಟದಲ್ಲಿ ಪೆಚ್ಚಾಗಬೇಕು. ಮನೆಯಲ್ಲಿ ಸರ ಕಾಣದಿದ್ದರೆ ಕೆಲಸದವಳ ಕಡೆಗೇ ಬೆರಳು ಹೋಗುವ ನಮ್ಮ ಊರುಗಳಲ್ಲಿ ಇದು ಸಣ್ಣ ಪಾಠವಲ್ಲ. ಇಂಗ್ಲೆಂಡಿನ ಅಗಾಥಾ ಕ್ರಿಸ್ಟಿ (1890–1976) ಸೃಷ್ಟಿಸಿದ ಮಿಸ್ ಮಾರ್ಪಲ್ ಹಳ್ಳಿಯ ಮದುವೆಯಾಗದ ಮುದುಕಿ. ಹೆಣಿಗೆ ಹಾಕುತ್ತ ಅಕ್ಕಪಕ್ಕದವರ ಸ್ವಭಾವ ಗಮನಿಸಿಯೇ ಆಕೆ ಕೊಲೆಗಾರನನ್ನು ಹಿಡಿಯುತ್ತಾಳೆ. ಹೆಂಗಸರ ಹರಟೆ ಎಂದು ಹಗುರವಾಗಿ ಕಾಣುವುದರಲ್ಲಿ ಎಷ್ಟು ತಿಳಿವಳಿಕೆ ಇದೆ ಎಂದು ಆಕೆ ತೋರಿಸಿಕೊಟ್ಟಳು.

ಹಗುರವಾದದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಹೆಣ್ಣಿನ ಹೆಣವನ್ನು ರಟ್ಟಿನ ಅಲಂಕಾರ ಮಾಡಿಕೊಂಡ ಕಾದಂಬರಿಗಳಿವೆ. ಕುಂಟರನ್ನು, ಬಡವರನ್ನು ಆಡಿಕೊಂಡು ನಗಿಸುವ ಪುಸ್ತಕಗಳಿವೆ. ಅವನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಹಗುರ ಬೇರೆ, ಅಗ್ಗ ಬೇರೆ.

ಇಷ್ಟು ಬರೆದ ಮೇಲೆ ನನಗೇ ಒಂದು ಅನುಮಾನ. ಪತ್ತೇದಾರಿ ಕತೆಯಿಂದ ನೀತಿ ಬರುತ್ತದೆ, ಬುದ್ಧಿ ಬರುತ್ತದೆ ಎಂದು ವಾದಿಸುತ್ತ ಅದನ್ನೂ ಕಷಾಯದ ಲೆಕ್ಕಕ್ಕೆ ತಂದುಬಿಟ್ಟೆನೆ? ಉಪಯೋಗವಿದ್ದರೆ ಮಾತ್ರ ಹೆಂಗಸು ಓದಬಹುದು ಎಂದಂತಾಗಲಿಲ್ಲವೆ? ಸಂತೆಯಲ್ಲಿ ಸೊಪ್ಪು ಕೊಂಡಾಗ ಮಾರುವಾಕೆ ಮೇಲೊಂದು ಹಿಡಿ ಕೊಸರು ಹಾಕುತ್ತಾಳೆ. ಸಿಕ್ಕರೆ ಸಂತೋಷ. ಆದರೆ ಕೊಸರಿಗಾಗಿ ಯಾರೂ ಸಂತೆಗೆ ಹೋಗುವುದಿಲ್ಲ. ಓದಿನಿಂದ ಬರುವ ನೀತಿಯೂ ಅಂಥದೇ ಕೊಸರು. ನಾವು ಹೋದದ್ದು ಖುಷಿಗೆ.

ನಮ್ಮ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ರಾತ್ರಿ ಹೊತ್ತೇರುವವರೆಗೆ ಕೂರುತ್ತಾರೆ. ಆಗ ಯಾರಾದರೂ ಕತೆ ಹೇಳಿದರೆ ಬೇಡವೆನ್ನುವವರಿಲ್ಲ, ಕೈ ಕೆಲಸ ಮಾಡುತ್ತಿರುತ್ತದಲ್ಲ! ಕೈ ಸುಮ್ಮನಿದ್ದು ಕಣ್ಣು ಪುಸ್ತಕದಲ್ಲಿದ್ದರೆ ಮಾತ್ರ ಅದು ಸೋಮಾರಿತನ. ಹಾಗಾದರೆ ತಕರಾರು ಕತೆಯ ಮೇಲಲ್ಲ, ಬಿಡುವಿನ ಮೇಲೆ. ಅವಳ ಹೊತ್ತು ಅವಳದಲ್ಲ ಎಂಬ ನಂಬಿಕೆಯ ಮೇಲೆ ನಿಂತ ತಕರಾರು ಅದು.

ನೆರೆಮನೆಯಾಕೆ ಅತ್ತೆ ಮಲಗಿದ ಮೇಲೆ ಓದುತ್ತಿದ್ದರು. ಓದಿ ಎದ್ದರೆ ಮರುದಿನ ಬೇಸರವಿಲ್ಲದೆ ಸೇವೆ ಮಾಡುತ್ತಾರೆ ಎಂದು ನಾನು ಅವರ ಪರ ವಕಾಲತ್ತು ವಹಿಸಬಹುದಿತ್ತು. ಅದು ನಿಜವೂ ಹೌದು. ಆದರೆ ನಿಜವಲ್ಲದಿದ್ದರೂ ಆ ಅರ್ಧ ಗಂಟೆ ಅವರದೇ. ಅದಕ್ಕೆ ಲೆಕ್ಕ ಕೇಳುವ ಹಕ್ಕು ಗಂಡನಿಗಿಲ್ಲ, ಊರಿಗಿಲ್ಲ, ಪುಸ್ತಕ ಕೊಟ್ಟ ಟೀಚರಿಗೂ ಇಲ್ಲ.